ಬ್ಯಾಳಿ ಬೇಯುವ ನೀರು

ಕೆಂಚಗೆರಿಯ ಹೆಂಗಸರು ನೀರನ್ನು ಬೇಳೆಯಿಂದ ಅಳೆಯುತ್ತಿದ್ದರು. ಬೋರಿನ ನೀರಿಗೆ ಹಾಕಿದ ತೊಗರಿಬೇಳೆ ಹೊರೆ ಕಟ್ಟಿಗೆ ತಿಂದರೂ ಹರಳಿನಂತೆ ಕೂತಿರುತ್ತಿತ್ತು. ಕೆರೆಯ ನೀರಿಗೆ ಹಾಕಿದ್ದು ಒಂದು ಕುದಿಗೆ ಬೆಣ್ಣೆಯಾಗುತ್ತಿತ್ತು. ಡಂಬಳದ ಕಡೆಯವರು ಈ ಊರಿಗೆ ಹೆಣ್ಣು ಕೊಡುವಾಗ ಹೊಲ ಎಷ್ಟು ಎಂದು ಕೇಳುವ ಮೊದಲು, ಇನ್ನೂ ಕೆರೆ ನೀರೇ ಕುಡಿಯುತ್ತಾರೋ ಎಂದು ಕೇಳುತ್ತಿದ್ದರು.

ಆ ನೀರು ಮರಳಿನ ಹಾಸಿನಲ್ಲಿ ಸೋಸಿಕೊಂಡು ಊರ ಮುಂದಿನ ಎತ್ತರದ ಟಾಕಿಗೆ ಏರುತ್ತಿತ್ತು, ಅಲ್ಲಿಂದ ಓಣಿ ಓಣಿಯ ನಳಗಳಿಗೆ ಇಳಿಯುತ್ತಿತ್ತು. ಏರಿಸುವವನೂ ಇಳಿಸುವವನೂ ಒಬ್ಬನೇ, ಕುತುಬುದ್ದೀನ. ಅವನ ಅಪ್ಪ ಇಸ್ಮಾಯಿಲಸಾಬ ಕೆರೆಯ ತಳಕ್ಕೆ ಮುಳುಗಿ ತೂಬು ಎತ್ತುತ್ತಿದ್ದ ಗಟ್ಟಿಗ. ಕೆರೆ ತುಂಬಿ ಕೋಡಿ ಬಿದ್ದ ದಿನ ಊರ ಪರವಾಗಿ ಒಬ್ಬ ಮುತ್ತೈದೆ, ನೀರು ಬಿಡುವವನ ಹೆಂಡತಿಗೆ ಉಡಿ ತುಂಬಬೇಕು; ಹಸಿರು ಕುಬಸ, ಅಕ್ಕಿ, ಕೊಬ್ಬರಿ, ಅರಿಷಿಣ ಕೊಂಬು. ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿಲ್ಲ. ಕೆರೆ ತುಂಬಿದ ವರ್ಷಗಳಲ್ಲೆಲ್ಲ ನಡೆದಿತ್ತು. ಗದಿಗೆವ್ವ ಪಂಚಾಯಿತಿ ಅಧ್ಯಕ್ಷೆಯಾದ ಮೇಲೆ ಕುತುಬನ ಹೆಂಡತಿ ಮೋತಿಬಿಗೆ ಉಡಿ ತುಂಬುವ ಪಾಳಿ ಅವಳದಾಗಿತ್ತು.

ಗದಿಗೆವ್ವ ನಾಲ್ಕನೇ ಇಯತ್ತೆ ಓದಿದವಳು. ಮೀಸಲಾತಿ ಬಂದಾಗ ಗಂಡ ಮಾಳಿಂಗರಾಯ ಹೆಸರು ಕೊಡಿಸಿದ, ಊರು ಆರಿಸಿತು. ಎಲ್ಲರೂ ಅಧ್ಯಕ್ಷೆ ಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ, ಗಂಡ ಸಹಿ ಹಾಕಿಸುತ್ತಾನೆ ಎಂದುಕೊಂಡಿದ್ದರು. ಅವಳು ರೊಟ್ಟಿ ಬಡಿದೇ ಪಂಚಾಯಿತಿಗೆ ಹೋದಳು. ಗಂಡನ ಕುರ್ಚಿಯನ್ನು ಹೊರಗಿನ ಕಟ್ಟೆಗೆ ಹಾಕಿಸಿದಳು. ಅವಳಿಗೆ ಒಂದೇ ಕೊರಗು: ಎಷ್ಟು ಡಂಗುರ ಸಾರಿಸಿದರೂ ಗ್ರಾಮಸಭೆಗೆ ಜನ ಬರುತ್ತಿರಲಿಲ್ಲ. ಬಂದ ನಾಲ್ಕು ಜನ ಚಹ ಕುಡಿದು ಎದ್ದು ಹೋಗುತ್ತಿದ್ದರು.

ಟಾಕಿಗೆ ಬ್ಲೀಚಿಂಗ್ ಪುಡಿ ಹಾಕಬೇಕೆಂದು ಆರೋಗ್ಯ ಇಲಾಖೆಯವರು ಹೇಳಿದ್ದರು. ಕುತುಬ ಹಾಡಹಗಲೇ ಹೆಗಲ ಮೇಲೆ ಚೀಲ ಇಟ್ಟುಕೊಂಡು ಏರಿ ಹಾಕಿ ಬಂದ. ಮರುದಿನ ಗುರುಸಿದ್ದವ್ವ ಎಂಬ ಮುದುಕಿ ತನ್ನ ಹಿತ್ತಾಳೆ ಕೊಡವನ್ನು ಸೊಂಟದ ಮೇಲೆ ಹೊತ್ತು ಪಂಚಾಯಿತಿಯ ಮೆಟ್ಟಿಲಿಗೆ ತಂದು ಕುಕ್ಕಿದಳು.

"ಮೂಸು," ಎಂದಳು.

ಗದಿಗೆವ್ವ ಮೂಸಿದಳು.

"ದವಾಖಾನಿ ನೆಲಾ ಒರಸಿದ ನೀರ ಇದು. ಇದ್ರಾಗ ಬ್ಯಾಳಿ ಬೇಯತೈತೇನ? ನಿನ್ನ ಗಂಡಗ ಇದ್ರಾಗ ಸಾರು ಮಾಡಿ ಹಾಕು, ನಾಳೆ ಇನ್ನೊಂದು ಲಗ್ನಾ ಆಗಿ ಬರ್ತಾನ."

ಎಲ್ಲರೂ ನಕ್ಕರು. ಆದರೆ ಓಣಿಯ ಹೆಂಗಸರೆಲ್ಲ ಅದನ್ನೇ ಹೇಳಿದರು. ಔಷಧ ಬಿದ್ದ ನೀರಿಗೆ ಬೇಳೆ ಬೇಯುವುದಿಲ್ಲ ಎಂಬ ನಂಬಿಕೆ ಅಲ್ಲಿ ಗಟ್ಟಿ. ಕೆಲವರು ಟಾಕಿಯ ನೀರು ಬಿಟ್ಟು, ದನ ಇಳಿಯುವ ಕಡೆಯಿಂದ ನೇರ ಕೆರೆಗೇ ಕೊಡ ಮುಳುಗಿಸತೊಡಗಿದರು. ಅದು ಇನ್ನೂ ಕೆಟ್ಟದ್ದು. ಗದಿಗೆವ್ವ ಎರಡು ದಿನ ಯೋಚಿಸಿ, ಮನೆ ನಡೆಸುವ ಹೆಂಗಸು ಮಾಡುವ ಉಪಾಯವನ್ನೇ ಮಾಡಿದಳು. ಔಷಧ ನುಂಗದ ಕೂಸಿಗೆ ಬೆಲ್ಲದಲ್ಲಿ ಮುಚ್ಚಿ ಕೊಡುತ್ತಾರಲ್ಲ, ಹಾಗೆ. ಕುತುಬನನ್ನು ಕರೆದು, ಇನ್ನು ಮೇಲೆ ನಸುಕಿನಲ್ಲಿ, ಹೆಂಗಸರು ಅಂಗಳಕ್ಕೆ ಬರುವ ಮೊದಲೇ ಹಾಕು, ಯಾರ ಕಣ್ಣಿಗೂ ಬೀಳಬೇಡ ಎಂದಳು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ ತಿಳಿ ಮಾತ್ರ ಸುರಿದರೆ ವಾಸನೆ ಕಡಿಮೆ ಎಂದು ಕುತುಬ ಹೇಳಿದ. ಹಾಗೇ ನಡೆಯಿತು. ವಾರ ಕಳೆಯುವುದರೊಳಗೆ ಗುರುಸಿದ್ದವ್ವ ಬಂದು, ಈಗ ನೋಡು ಬ್ಯಾಳಿ ಹೆಂಗ ಅರಳತೈತಿ, ನಾ ಬೈದದ್ದಕ್ಕ ದಾರಿಗೆ ಬಂತು ಎಂದು ಜಂಬ ಕೊಚ್ಚಿಕೊಂಡಳು. ಗದಿಗೆವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ಆ ನಗೆಗೆ ಊರು ಬೆಲೆ ತೆತ್ತಿತು.

ಸೋಮೇಶ ಆ ಊರಿನ ಓದಿದ ಹುಡುಗ. ಗದಗಿನಲ್ಲಿ ಡಿಗ್ರಿ ಮುಗಿಸಿ, ಕೆಲಸ ಸಿಗದೆ, ಮುಂದಿನ ತಾಲೂಕು ಪಂಚಾಯಿತಿ ಚುನಾವಣೆಗೆ ನಿಲ್ಲುವ ಹುರುಪಿನಲ್ಲಿದ್ದ. ಊರ ಮಂದಿಯನ್ನೆಲ್ಲ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ್ದ. ಒಂದು ಬೆಳಿಗ್ಗೆ ಆ ಗುಂಪಿನಲ್ಲಿ ಒಂದು ವಿಡಿಯೋ ಬಿತ್ತು. ಮಬ್ಬು ಬೆಳಕು. ಟಾಕಿಯ ಏಣಿ. ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡ ಒಬ್ಬ ಮನುಷ್ಯ ಅತ್ತ ಇತ್ತ ನೋಡುತ್ತಾನೆ, ಬಕೆಟ್ ಹಿಡಿದು ಏರುತ್ತಾನೆ, ಮುಚ್ಚಳ ಸರಿಸಿ ಏನೋ ಸುರಿಯುತ್ತಾನೆ, ಮತ್ತೆ ಅತ್ತ ಇತ್ತ ನೋಡಿ ಇಳಿಯುತ್ತಾನೆ. ಟವೆಲ್ ಪುಡಿಯ ಘಾಟಿಗೆ. ಅತ್ತ ಇತ್ತ ನೋಡಿದ್ದು ಗದಿಗೆವ್ವನ ಮಾತಿಗೆ. ಇದನ್ನು ವಿಡಿಯೋ ಹೇಳಲಿಲ್ಲ. 'ಕದ್ದು ಮುಚ್ಚಿ ಯಾಕೆ?' ಎಂದು ಕೆಳಗೆ ಬರೆದಿತ್ತು.

ಮಧ್ಯಾಹ್ನದ ಹೊತ್ತಿಗೆ ಅದು ಮುಂಡರಗಿ ದಾಟಿ, ಶಿರಹಟ್ಟಿ, ಲಕ್ಷ್ಮೇಶ್ವರ ದಾಟಿ, ಎಲ್ಲಿಯದೋ ಒಂದು ಚಾನೆಲ್ಲಿಗೆ ಹೋಗಿ ತಿರುಗಿ ಬಂತು. ಬರುವಾಗ ಕುತುಬನ ತಲೆಯ ಸುತ್ತ ಕೆಂಪು ವೃತ್ತ, ಹಿಂದೆ ಎದೆ ನಡುಗಿಸುವ ಸಂಗೀತ. ಒಬ್ಬ ಹೆಣ್ಣುಮಗಳ ದನಿ ಹೇಳುತ್ತಿತ್ತು: ಇದು ಒಂದು ಊರಿನ ಕಥೆಯಲ್ಲ, ನಮ್ಮ ಹೆಣ್ಣುಮಕ್ಕಳ ಬಸಿರು ಬತ್ತಿಸಲು ದೇಶದ ತುಂಬ ನೀರಿನ ಟಾಕಿಗಳ ಮೇಲೆ ಜನ ಹತ್ತುತ್ತಿದ್ದಾರೆ.

ಕೆಂಚಗೆರಿಯವರು ಕುತುಬನನ್ನು ಅವನು ಗೋಲಿ ಆಡುವಾಗಿನಿಂದ ಬಲ್ಲರು. ಆದರೂ ತಮ್ಮ ಕಣ್ಣಿಂದ ದಿನಾ ನೋಡಿದ ಕುತುಬನಿಗಿಂತ, ಬೇರೆ ಊರಿನಿಂದ ಕೆಂಪು ವೃತ್ತ ಹಾಕಿಸಿಕೊಂಡು ಬಂದ ಕುತುಬನನ್ನೇ ಹೆಚ್ಚು ನಂಬಿದರು. ಮನೆಯ ಮಗ್ಗುಲಲ್ಲಿರುವುದಕ್ಕೆ ಏನು ಮಹಾ ಬೆಲೆ? ದೂರದಿಂದ ಬಂದದ್ದಕ್ಕೆ ತೂಕ ಹೆಚ್ಚು.

ಗ್ರಾಮಸಭೆ ಕರೆಯಬೇಕು ಎಂದು ಸೋಮೇಶ ಅರ್ಜಿ ಕೊಟ್ಟ. ಕೊಡುವ ಹಕ್ಕು ಅವನಿಗಿತ್ತು. ಗದಿಗೆವ್ವ ಕರೆದಳು.

ಅಷ್ಟು ಮಂದಿ ಸೇರಿದ ಗ್ರಾಮಸಭೆ ಆ ಊರಿನಲ್ಲಿ ಹಿಂದೆಂದೂ ಆಗಿರಲಿಲ್ಲ. ಶಾಲೆಯ ಬಯಲು ತುಂಬಿ ಕಂಪೌಂಡ್ ಗೋಡೆಯ ಮೇಲೂ ಜನ. ಎಂದೂ ಹೊಸ್ತಿಲು ದಾಟದ ಸೊಸೆಯಂದಿರು ತಲೆಯ ಮೇಲೆ ಸೆರಗು ಹೊದ್ದು ಸಾಲಾಗಿ ಕೂತಿದ್ದರು. ಇಷ್ಟು ವರ್ಷ ಇದೇ ದಿನಕ್ಕಾಗಿ ಡಂಗುರ ಸಾರಿಸಿದ್ದ ಗದಿಗೆವ್ವ ಆ ಜನಜಂಗುಳಿಯನ್ನು ನೋಡಿ ಮೇಜಿನ ಅಂಚು ಹಿಡಿದುಕೊಂಡಳು.

ಸೋಮೇಶ ಕೂಗಾಡಲಿಲ್ಲ. ಕೈ ಮುಗಿದು ಮಾತಾಡಿದ. "ನಾವು ಯಾರ ಮ್ಯಾಲೂ ಅಪವಾದ ಹೊರಸಾಕ್ಹತ್ತಿಲ್ರಿ. ಬರೇ ಪ್ರಶ್ನೆ ಕೇಳಾಕ್ಹತ್ತೀವಿ. ನಮ್ಮ ಊರ ನೀರಿನ ಬಗ್ಗೆ ನಾವು ಪ್ರಶ್ನೆ ಕೇಳೂದು ತಪ್ಪೇನ್ರಿ?"

ತಪ್ಪಲ್ಲ ಎಂದು ಬಯಲು ಗುಜುಗುಜು ಎಂದಿತು.

ಪಂಚಾಯಿತಿಯ ಪಿಡಿಒ ಸಾಹೇಬರು ಪ್ರಯೋಗಾಲಯದಿಂದ ತರಿಸಿದ ನೀರಿನ ಪರೀಕ್ಷೆಯ ಫಲಿತಾಂಶ ಓದಿದರು. ನೀರು ಚೊಕ್ಕ ಇತ್ತು. ಪರೀಕ್ಷೆ ಮಾಡಿದವರು ಯಾರು, ಅವರ ಹೆಸರೇನು, ಮೊದಲು ಅದನ್ನು ಹೇಳಿರಿ ಎಂದು ಹಿಂದಿನಿಂದ ಒಬ್ಬ ಕೇಳಿದ. ಬ್ಲೀಚಿಂಗ್ ಪುಡಿಯ ಚೀಲ ತಂದು ತೋರಿಸಿದರು. ಚೀಲ ಅದೇ ಇರಬಹುದು, ಒಳಗಿನದು ಅದೇ ಎಂದು ಏನು ಖಾತ್ರಿ ಎಂದ ಇನ್ನೊಬ್ಬ. ಕೊನೆಗೆ ಕುತುಬನೇ ಎದ್ದು ಬಂದ. ನಳದ ನೀರು ತುಂಬಿದ ತಂಬಿಗೆಯನ್ನು ಎತ್ತಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ತಂಬಿಗೆಯನ್ನು ಬೋರಲು ಹಾಕಿ ತೋರಿಸಿದ. ಒಂದು ಗಳಿಗೆ ಬಯಲು ಸುಮ್ಮನಾಯಿತು. ಗದಿಗೆವ್ವನಿಗೆ ಉಸಿರು ಬಂದಂತಾಯಿತು.

ಆಗ ಗೋಡೆಯ ಮೇಲಿನಿಂದ ಒಬ್ಬ ನಕ್ಕು ಹೇಳಿದ: "ಮನ್ಯಾಗ ವಿಷಾ ಇಳಿಸೂ ಉತಾರಾ ಔಷಧಾ ತಗೊಂಡ ಬಂದಿರ್ತಾನ ತಗೋ."

ಬಯಲು ಮತ್ತೆ ಉಸಿರಾಡಿತು. ಅಲ್ಲಿಗೆ ಗದಿಗೆವ್ವನಿಗೆ ತಿಳಿಯಿತು, ಈ ಬೆಂಕಿಗೆ ನೀರು ಹಾಕಿದರೂ ಎಣ್ಣೆಯಾಗಿಯೇ ಉರಿಯುತ್ತದೆ ಎಂದು.

ಹೆಂಗಸರ ಸಾಲಿನಿಂದ ನಾಗರತ್ನಾ ಎದ್ದಳು. ಮದುವೆಯಾಗಿ ವರ್ಷಗಳಾದರೂ ಮಡಿಲು ತುಂಬದ ಹುಡುಗಿ. ಮಂದಿಯ ಮುಂದೆ ಎಂದೂ ಬಾಯಿ ಬಿಟ್ಟವಳಲ್ಲ. "ಎಲ್ಲಾ ದೇವರಿಗೆ ಹೋಗಿ ಬಂದೇನ್ರಿ," ಎಂದಳು. "ಗದಗಿಗೆ, ಹುಬ್ಬಳ್ಳಿಗೆ ತೋರಿಸಿದ್ವಿ. ನಿಂದೇನೂ ದೋಷ ಇಲ್ಲವಾ ಅಂದ್ರು. ಮತ್ತ ಯಾರದರಿ ದೋಷ?" ಅಷ್ಟು ಹೇಳಿ ಕೂತು, ಮೊಣಕಾಲಿನ ನಡುವೆ ಮುಖ ಹುದುಗಿಸಿಕೊಂಡಳು.

ಇದಕ್ಕೆ ಯಾವ ಪ್ರಯೋಗಾಲಯದ ಕಾಗದ ಉತ್ತರ ಕೊಟ್ಟೀತು? ದಿಕ್ಕಿಲ್ಲದ ದುಃಖಕ್ಕೆ ಯಾರೋ ಒಂದು ಮನೆಯ ವಿಳಾಸ ಕೊಟ್ಟಿದ್ದರು. ಅವಳು ಆ ಮನೆಯ ಬಾಗಿಲು ಬಡಿಯುತ್ತಿದ್ದಳು. ಕೊಟ್ಟವರು ಹಿಂದೆ ನಿಂತು ವಿಡಿಯೋ ಹಿಡಿಯುತ್ತಿದ್ದರು.

ಗದಿಗೆವ್ವ ಎದ್ದಳು. ಪಿಡಿಒ ಬೇಡವೆಂದು ಕಣ್ಸನ್ನೆ ಮಾಡಿದರು. ಮಾಳಿಂಗರಾಯ ದೂರದಿಂದಲೇ ಕೈಯಾಡಿಸಿ ಕೂಡು ಎಂದ.

"ಅವ ಕದ್ದು ಹಾಕಿಲ್ಲ. ನಾನ ಹೇಳಿದ್ದೆ, ನಸಕಿನ್ಯಾಗ ಹಾಕು, ಯಾರ ಕಣ್ಣಿಗೂ ಬೀಳಬ್ಯಾಡ ಅಂತ. ನಿಮಗ ವಾಸನಿ ಬರತೈತಿ, ಬ್ಯಾಳಿ ಬೇಯಂಗಿಲ್ಲ ಅಂತ ನೀವ ಕೊಡಾ ತಂದು ಕುಕ್ಕಿದ್ರಿ. ಅದಕ್ಕ ಮುಚ್ಚಿ ಹಾಕಿಸಿದೆ. ತಪ್ಪಿದ್ರ ನಂದು. ಅವಂದಲ್ಲ."

ಅವಳು ಗುರುಸಿದ್ದವ್ವನ ಕಡೆ ನೋಡಿದಳು. ಮುದುಕಿ ನೆಲ ನೋಡಿದಳು. ಕುತುಬ ದಿನಾ ಮುಂಜಾನೆ ನೀರು ಬಿಟ್ಟ ಮೇಲೆ, ಒಬ್ಬಳೇ ಇದ್ದ ಆ ಮುದುಕಿಯ ಹಿತ್ತಾಳೆ ಕೊಡವನ್ನು ತಾನೇ ತುಂಬಿ ಹೊಸ್ತಿಲಿಗೆ ಇಟ್ಟು ಹೋಗುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು.

ಸೋಮೇಶ ಬಹಳ ಮೆಲ್ಲಗೆ, ಮರುಗಿದವನಂತೆ ಹೇಳಿದ: "ಅಂದ್ರ ಅಧ್ಯಕ್ಷರಿಗೂ ಗೊತ್ತಿತ್ತು."

ಅಷ್ಟೇ. ಗದಿಗೆವ್ವ ಬಾಯಿಬಿಟ್ಟು ಹೇಳಿದ ಖರೆ, ಅದೇ ಬಯಲಿನಲ್ಲಿ, ಅವಳ ಕಣ್ಣ ಮುಂದೆಯೇ ಸುಳ್ಳಿನ ಮನೆಗೆ ಇನ್ನೊಂದು ಕಂಬವಾಗಿ ನಿಂತಿತು. ಅಧ್ಯಕ್ಷೆಗೆ ಎಷ್ಟು ಮುಟ್ಟಿದೆಯೋ ಎಂದರು. ವರ್ಷಾವರ್ಷ ಉಡಿ ತುಂಬುವುದು ಸುಮ್ಮನೆ ಏನು ಎಂದರು. ಊರಿನ ಹಳೆಯ ಪದ್ಧತಿ ಒಂದು ಮಾತಿನಲ್ಲಿ ಒಳಸಂಚಿನ ಪುರಾವೆಯಾಯಿತು.

ಕುತುಬುದ್ದೀನನನ್ನು ನೀರಿನ ಕೆಲಸದಿಂದ ಬಿಡಿಸಬೇಕು ಎಂಬ ಠರಾವು ಬಂತು. ಒಪ್ಪುವವರು ಕೈ ಎತ್ತಬೇಕು. ಅದನ್ನು ಕೇಳಬೇಕಾದವಳು ಅಧ್ಯಕ್ಷೆ, ನೋಡಿ ಸಾರಬೇಕಾದವಳೂ ಅಧ್ಯಕ್ಷೆ. ಗದಿಗೆವ್ವ ಕೇಳಿದಳು. ಬಯಲಿನ ತುಂಬ ಕೈಗಳು ಎದ್ದವು, ಸೂರ್ಯಕಾಂತಿ ಹೊಲದಂತೆ ಒಂದೇ ದಿಕ್ಕಿಗೆ. ಬಳೆ ತೊಟ್ಟ ಕೈ, ಮಣ್ಣು ಮೆತ್ತಿದ ಕೈ, ಬೆರಳಿನ ಮೇಲೆ ಕಳೆದ ಚುನಾವಣೆಯ ಶಾಯಿ ಮಾಸದ ಕೈ. ಗುರುಸಿದ್ದವ್ವನ ಕೈ ಮೊದಲು ಎದ್ದಿರಲಿಲ್ಲ. ಪಕ್ಕದವಳು ಮೊಣಕೈ ತಿವಿದಳು, ಎದ್ದಿತು. ಮಾಳಿಂಗರಾಯನ ಕೈ ಕಿವಿಯವರೆಗೆ ಬಂದು, ಕಿವಿ ತುರಿಸಿಕೊಂಡಂತೆ ಮಾಡಿ, ಅಲ್ಲೇ ನಿಂತಿತು.

ಠರಾವು ಪಾಸಾಗಿದೆ ಎಂದು ಗದಿಗೆವ್ವ ಸಾರಿದಳು. ಅದು ಕಾಯದೆಯ ಪ್ರಕಾರ ನಡೆದಿತ್ತು; ಅವಳನ್ನು ಸುಟ್ಟದ್ದು ಅದೇ. ಗೂಂಡಾಗಳು ಬಂದು ಹೊಡೆದಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ಊರಿಗೆ ಊರೇ ಕೈ ಎತ್ತಿ ಹೊಡೆದರೆ ಯಾರಿಗೆ ಹೇಳುವುದು?

ಮನೆಗೆ ಬಂದ ಮಾಳಿಂಗರಾಯ, ನಾವೂ ಇದೇ ಊರಾಗ ಬಾಳೇ ಮಾಡಬೇಕಲ್ಲ ಎಂದ. ಅವಳು ರೊಟ್ಟಿ ಬಡಿದಳು.

ಕುತುಬನಿಗೆ ಅಂಗಡಿಯಲ್ಲಿ ಉದ್ದರಿ ಕೊಡುವುದು ನಿಂತಿತು. ಮೋತಿಬಿಯನ್ನು ಮೆಣಸಿನಕಾಯಿ ಬಿಡಿಸಲು ಕೂಲಿಗೆ ಕರೆಯುವುದು ನಿಂತಿತು. ಬೆಟಗೇರಿಯಲ್ಲಿ ಮೋತಿಬಿಯ ಅಣ್ಣ ಇದ್ದ. ಅಲ್ಲಿಗೆ ಹೋಗುವುದೆಂದು ಸಾಮಾನು ಟಂಟಂ ಗಾಡಿಗೆ ಹೇರಿದರು. ಗದಿಗೆವ್ವ ಹಸಿರು ಕುಬಸ, ಅಕ್ಕಿ, ಕೊಬ್ಬರಿ ಹಿಡಿದು ಹೋದಳು. ಕೆರೆ ತುಂಬಿರಲಿಲ್ಲ, ಮಳೆಯೇ ಇನ್ನೂ ಬಂದಿರಲಿಲ್ಲ. ಅವಳು ಓಣಿಯ ನಟ್ಟನಡುವೆ ನಿಂತು ಉಡಿ ತುಂಬಿದಳು. ಕಿಟಕಿಗಳು ನೋಡಿದವು.

"ತವರಿಂದ ಮಗಳನ್ನ ಕಳಸ್ದಂಗ ಕಳಸಾಕ್ಹತ್ತೀರಿ ಅಕ್ಕಾರ," ಎಂದಳು ಮೋತಿಬಿ. "ತವರು ಅಂದ್ರ ಹೊಳ್ಳಿ ಬರಾಕ ಬರತೈತಿ ಹೌದಿಲ್ರಿ?"

ಗದಿಗೆವ್ವ ಅವಳ ಸೆರಗಿನ ಗಂಟನ್ನು ಮತ್ತೊಮ್ಮೆ ಬಿಗಿದಳು. ಗಾಡಿಯ ಮುಂದೆ ಕೂತಿದ್ದ ಕುತುಬ ಟಾಕಿಯ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ನೀರಿನ ಕೆಲಸಕ್ಕೆ ಬೀರಲಿಂಗ ಬಂದ, ಸೋಮೇಶನ ಗೆಳೆಯ, ಪಾಪದವನು. ಔಷಧ ಹಾಕು ಎಂದು ಗದಿಗೆವ್ವ ಹೇಳಿದರೆ ಅವನು ಕೈ ಜೋಡಿಸಿದ. "ವಾಲ್ ತಿರುವು ಅನ್ರಿ, ತಿರುವತೀನಿ. ಪುಡಿ ಮಾತ್ರ ಒಲ್ಲೆ ಯವ್ವಾ. ನಾಳೆ ನನ್ನ ತಲಿ ಸುತ್ತನೂ ಕೆಂಪು ಗೆರಿ ಎಳೀತಾರ." ಅಧ್ಯಕ್ಷೆಯ ಮೇಲೆ ಅವಿಶ್ವಾಸ ತರುವ ಮಾತು ಹುಟ್ಟಿತ್ತು, ಸದಸ್ಯರು ಯಾರೂ ಕಾಗದಕ್ಕೆ ಸಹಿ ಹಾಕಲಿಲ್ಲ. ಪುಡಿಯ ಚೀಲಗಳು ಪಂಚಾಯಿತಿಯ ಕೋಣೆಯಲ್ಲಿ ಉಳಿದವು. ಸೋಮೇಶನ ಗುಂಪಿನಲ್ಲಿ ಹಬ್ಬ: ನಮ್ಮ ನೀರು ಈಗ ಶುದ್ಧ.

ಮೊದಲ ಮಳೆ ದೊಡ್ಡದಾಗಿಯೇ ಬಂತು. ಊರ ಕಸ, ದಂಡೆಯ ಹೊಲಸು ಎಲ್ಲ ಕೊಚ್ಚಿಕೊಂಡು ಕೆರೆಗೆ ಇಳಿಯಿತು. ಕೆಂಪು ನೀರು ಟಾಕಿಗೆ ಏರಿತು, ನಳಕ್ಕೆ ಇಳಿಯಿತು. ಬೇಳೆ ಚೆನ್ನಾಗಿಯೇ ಬೆಂದಿತು.

ವಾಂತಿ ಭೇದಿ ಮೊದಲು ಕೆಳಗಿನ ಓಣಿಗೆ ಬಿತ್ತು, ಆಮೇಲೆ ಎಲ್ಲ ಓಣಿಗೂ. ಮುಂಡರಗಿಯ ಆಸ್ಪತ್ರೆಗೆ ಟ್ರ್ಯಾಕ್ಟರಿನ ಮೇಲೆ ಮಂದಿಯನ್ನು ಒಯ್ದರು. ಹರೆಯದವರು ಸಲೈನಿಗೆ ಚೇತರಿಸಿಕೊಂಡರು. ಗುರುಸಿದ್ದವ್ವನನ್ನು ಟ್ರ್ಯಾಕ್ಟರಿಗೆ ಎತ್ತುವಾಗಲೇ ಅವಳ ಮೈ ತಣ್ಣಗಿತ್ತು. ಅವಳ ತಲೆ ಗದಿಗೆವ್ವನ ತೊಡೆಯ ಮೇಲಿತ್ತು. ದಾರಿಯಲ್ಲಿ ಒಮ್ಮೆ ಕಣ್ಣು ಬಿಟ್ಟು, ಕೊಡಾ ತುಂಬಿಟ್ಟಾನೇನ ಎಂದು ಕೇಳಿದಳು. ಇಟ್ಟಾನ ಎಂದಳು ಗದಿಗೆವ್ವ. ಬೇರೆ ಏನು ಹೇಳಬೇಕಿತ್ತು?

ಮಣ್ಣಿಗೆ ಹೋಗಿ ಬಂದವರು ಮುದುಕಿಯ ಕಟ್ಟೆಯ ಮೇಲೆ ಕೂತಿದ್ದರು. ಈಗಲಾದರೂ ಕಣ್ಣು ತೆರೆದೀತು ಎಂದು ಗದಿಗೆವ್ವನ ಮನಸ್ಸಿನ ಮೂಲೆಯೊಂದು ಕಾಯುತ್ತಿತ್ತು; ಸತ್ತವಳ ಮುಂದೆ ಹಾಗೆ ಕಾಯುವುದಕ್ಕೆ ನಾಚಿಕೆಯೂ ಆಗುತ್ತಿತ್ತು. ಸೋಮೇಶ ಅತ್ತಿದ್ದ. ಖರೆಯೇ ಅತ್ತಿದ್ದ, ಕಣ್ಣು ಊದಿದ್ದವು. ಅವನು ಮೂಗು ಒರೆಸಿಕೊಂಡು ಹೇಳಿದ:

"ಹೋಗೂ ಮುಂದ ಏನ ಹಾಕಿ ಹೋಗಿದ್ನೋ ನೋಡ್ರಿ. ಈಗ ಕೆಲಸಾ ಮಾಡೈತಿ."

ಹೌದು ಹೌದು ಎಂದರು ಕಟ್ಟೆಯ ಮೇಲಿನವರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನಂಬಿದ್ದರು. ನಂಬದಿದ್ದರೆ, ಎತ್ತಿದ ತಮ್ಮ ಕೈಗಳನ್ನು ಇಳಿಸಿ ನೋಡಿಕೊಳ್ಳಬೇಕಾಗುತ್ತಿತ್ತು.

ಗದಿಗೆವ್ವ ಎದ್ದು ಪಂಚಾಯಿತಿಗೆ ನಡೆದಳು. ಕೋಣೆಯ ಬಾಗಿಲು ತೆಗೆದು, ಚೀಲದ ಎದುರು ಕುಕ್ಕರಗಾಲಲ್ಲಿ ಕೂತು ಬೆಟಗೇರಿಗೆ ಫೋನ್ ಹಚ್ಚಿದಳು. ಕುತುಬ ಎತ್ತಿದ. ಹಿಂದೆ ಮಗ್ಗದ ಸದ್ದು.

"ತಮ್ಮಾ, ಪುಡಿ ಹೆಂಗ ಕಲಸೂದು ಹೇಳು. ನಾನ ಹಾಕ್ತೀನಿ."

ಅವನು ಯಾಕೆ ಎಂದು ಕೇಳಲಿಲ್ಲ. ಒಂದೊಂದಾಗಿ ಹೇಳಿದ. ಬಕೆಟ್ಟಿಗೆ ಎಷ್ಟು, ಎಷ್ಟು ಹೊತ್ತು ತಿಳಿಯಲು ಬಿಡಬೇಕು, ಏಣಿಯ ಯಾವ ಮೆಟ್ಟಿಲು ಸಡಿಲ. ಕೊನೆಗೆ ಅಂದ: "ತಿಳಿ ಅಷ್ಟ ಹಾಕ್ರಿ ಅಕ್ಕಾರ, ಗಸಿ ಬೀಳಬಾರ್ದು. ಗಸಿ ಬಿದ್ರ ವಾಸನಿ ಬರತೈತಿ. ಗುರುಸಿದ್ದವ್ವಾಯಿಗೆ ಸೇರಂಗಿಲ್ಲ."

ಗದಿಗೆವ್ವ ಹೂಂ ಎಂದಳು. ಫೋನ್ ಇಟ್ಟ ಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ಅತ್ತಳು.

ಮರುದಿನ ಉರಿಬಿಸಿಲಿನಲ್ಲಿ ಅವಳು ಟಾಕಿ ಏರಿದಳು. ಕಚ್ಚೆ ಬಿಗಿದು, ಮುಖಕ್ಕೆ ಬಟ್ಟೆ ಕಟ್ಟದೆ, ಬಕೆಟ್ ಎಲ್ಲರಿಗೂ ಕಾಣುವಂತೆ ಹಿಡಿದು. ಕೆಳಗೆ ಜನ ಸೇರಿದರು. ಶಾಲೆಯ ಬಯಲಿನಲ್ಲಿ ಎದ್ದ ಹಾಗೆಯೇ ಕೈಗಳು ಎದ್ದವು. ಈ ಸಲ ಪ್ರತಿ ಕೈಯಲ್ಲಿ ಒಂದು ಫೋನ್. ಮಾಳಿಂಗರಾಯ ಕೆಳಗೆ ನಿಂತು ಎರಡೂ ಕೈಯಿಂದ ಏಣಿ ಹಿಡಿದಿದ್ದ. ಕಾಲು ಜಾರೀತು ಎಂದ. ಅವಳು ತಿಳಿಯನ್ನು ಸುರಿದಳು, ಗಸಿ ಬೀಳದಂತೆ, ಕೂಸಿನ ಬಾಯಿಗೆ ಹಾಲು ಹಾಕಿದಂತೆ.

ಸಂಜೆ ಬೀರಲಿಂಗ ನೀರು ಬಿಟ್ಟ. ಯಾವ ನಳದ ಕೆಳಗೂ ಒಂದು ಕೊಡ ಇರಲಿಲ್ಲ. ಹೆಂಗಸರು ತಲೆಯ ಮೇಲೆ ಕೊಡ ಹೊತ್ತು, ಟಾಕಿಯನ್ನು ಬಳಸಿ, ದನ ಇಳಿಯುವ ದಂಡೆಯ ಕಡೆ ಹೋಗುತ್ತಿದ್ದರು. ನಾಗರತ್ನಾ ಎಲ್ಲರಿಗಿಂತ ಮುಂದೆ. ಓಣಿ ಓಣಿಯಲ್ಲಿ ನೀರು ಸುಮ್ಮನೆ ಸುರಿದು ಗಟಾರಕ್ಕೆ ಹರಿಯಿತು.

ಗದಿಗೆವ್ವ ಓಡಿಹೋಗಿ ಅವರ ಕೊಡ ಹಿಡಿದು ನಿಲ್ಲಿಸಬಹುದಿತ್ತು. ನಿಲ್ಲಿಸಿದಳು ಕೂಡ, ಇಬ್ಬರನ್ನು, ಮೂವರನ್ನು. ಅವರು ತಲೆ ತಗ್ಗಿಸಿ, ಮಗ್ಗುಲಿಗೆ ಸರಿದು ಹೋದರು.

ಗುರುಸಿದ್ದವ್ವನ ಬೀಗ ಹಾಕಿದ ಬಾಗಿಲ ಹತ್ತಿರ ಹಿತ್ತಾಳೆಯ ಕೊಡ ಬೋರಲು ಬಿದ್ದಿತ್ತು. ಗದಿಗೆವ್ವ ಅದನ್ನು ಎತ್ತಿಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕಿ, ನಳದ ಕೆಳಗೆ ಇಟ್ಟು ತುಂಬಿಸಿದಳು. ಬಾಗಿ ಮೂಸಿದಳು. ವಾಸನೆ ಇರಲಿಲ್ಲ.

ಕೊಡವನ್ನು ಸೊಂಟಕ್ಕೆ ಏರಿಸಿ, ತಂದು ಮುದುಕಿಯ ಹೊಸ್ತಿಲ ಮೇಲೆ ಇಟ್ಟಳು.